ಹಾಡೋರು ಯಾರು, ಠರಾವು ಬರೆಯೋರು ಯಾರು?

ಪೋಸ್ಟ್ ಉದ್ದ ಅದ, ಮೊದಲೇ ಹೇಳ್ತೀನಿ. ಟೈಮ್ ಇದ್ದಾಗ ಕುಂತು ಓದ್ರಿ. ಓದಿದ ಮ್ಯಾಲ ಬೈಯೋದಿದ್ರ ಬೈರಿ.

ಯಾವುದಾದ್ರೂ ಹಳೇ ಸಂಗೀತ ಸಂಸ್ಥೆಯ ಒಳಗ ಕಾಲಿಟ್ಟು ಗೋಡೆ ನೋಡ್ರಿ. ಒಂದು ಕಡೆ ಗಾಯಕರ, ವಾದಕರ ಫೋಟೋ. ಅದರಾಗ ಉಸ್ತಾದರು ಇರ್ತಾರ, ದೇವದಾಸಿ ಮನೆತನದಿಂದ ಬಂದ ಹೆಣ್ಣುಮಕ್ಕಳು ಇರ್ತಾರ, ಕಣ್ಣಿಲ್ಲದ ಗವಾಯಿಗಳು ಇರ್ತಾರ. ಇನ್ನೊಂದು ಕಡೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ. ಅಲ್ಲಿ ವಕೀಲರು, ಡಾಕ್ಟರು, ಸಾಹುಕಾರರು, ರಿಟೈರ್ ಆದ ಸಾಹೇಬರು. ಈ ಎರಡೂ ಸಾಲಿನ ಅಡ್ಡಹೆಸರು ಓದಿಕೋತ ಹೋದ್ರ ಸಾಕು, ಬ್ಯಾರೆ ಚರಿತ್ರೆ ಪುಸ್ತಕ ಬೇಕಾಗಂಗಿಲ್ಲ.

ನಾನು ಗುಮಾಸ್ತ. ರಾಗ, ತಾಳ ನನಗ ಅಷ್ಟಕ್ಕಷ್ಟೇ. ಆದ್ರ ಕಡತ ಓದಾಕ ಬರ್ತದ. ಒಂದು ಸಂಸ್ಥೆ ಯಾರದು ಅಂತ ತಿಳೀಬೇಕಾದ್ರ ಅದರ ಬೋರ್ಡ್ ಓದಿದ್ರ ಆಗಂಗಿಲ್ಲ, ಅದರ ಬೈಲಾ ಓದಬೇಕು. ಠರಾವು ಪುಸ್ತಕದ ಕೆಳಗ ಯಾರ ಸಹಿ ಅದ ನೋಡಬೇಕು. ಇವತ್ತು ಅದೇ ಕಣ್ಣಿನಿಂದ ಸಂಗೀತ ಶಾಲೆಗಳ ಚರಿತ್ರೆ ಸ್ವಲ್ಪ ನೋಡೋಣು.

ಮೊದಲು ನಮ್ಮ ಕಡೆಯದೇ ಹೇಳ್ತೀನಿ. ಕಮಿಟಿ ಅನ್ನೋ ಪದಾನೇ ಗೊತ್ತಿಲ್ಲದ ಕಾಲದಾಗ ಇಲ್ಲಿ ಸಂಗೀತ ಕಲಿಸೋದು ನಡೆದಿತ್ತು. ನಾನು ಇರೋ ರೋಜಾ ಓಣಿ ಬೆಳೆದಿದ್ದೇ ಖ್ವಾಜಾ ಬಂದೇ ನವಾಜ್ ದರ್ಗಾದ ಸುತ್ತ. ಅವರು ತೀರಿಕೊಂಡಿದ್ದು 1422ರಲ್ಲಿ. ಚಿಷ್ತಿ ಸೂಫಿಗಳಿಗೆ ಹಾಡು ಕೇಳೋದೇ ಒಂದು ಸಾಧನೆ, ಸಮಾ ಅಂತಾರ. ಅತ್ತ ಯಡ್ರಾಮಿ ಕಡೆ ಕಡಕೋಳ ಮಡಿವಾಳಪ್ಪನವರ ತತ್ವಪದ. ಅವರ ಶಿಷ್ಯರಾಗ ಚನ್ನೂರ ಜಲಾಲಸಾಬರಂಥ ಮುಸ್ಲಿಮರೂ ಇದ್ದರು. ಏಕತಾರಿ ಹಿಡಿದು ಕುಂತವನೇ ವಿದ್ಯಾರ್ಥಿ. ಮೊಹರಂ ಬಂದ್ರ ಅಲಾಯಿ ಕುಣಿ ಮುಂದ ರಿವಾಯತ್ ಪದ, ಹೆಜ್ಜಿ ಕುಣಿತ. ಹಾಡೋರೊಳಗ ಎಲ್ಲಾ ಜಾತಿ. ಇವೆಲ್ಲಾ ಶಾಲೆಗಳೇ. ಫೀಸಿಲ್ಲ, ಸರ್ಟಿಫಿಕೇಟಿಲ್ಲ.

ಹಾಗಂತ ಇದನ್ನ ಸ್ವರ್ಗ ಮಾಡಿ ಹೇಳೋದು ಬ್ಯಾಡ. ಹಲಗಿ ಕಲಿತ ನಮ್ಮ ಹುಡುಗ ಅದನ್ನ ಕಲೆ ಅಂತ ಕಲೀಲಿಲ್ಲ, ಬಿಟ್ಟಿ ಚಾಕರಿ ಅಂತ ಕಲಿತ. ಯಾರ ಮನಿ ಸಾವಿಗೆ, ಯಾವ ಜಾತ್ರಿಗೆ, ಯಾವ ಹೊತ್ತಿಗೆ ಬಾರಿಸಬೇಕು ಅಂತ ಠರಾಯಿಸೋರು ಗೌಡ್ರು, ಕುಲಕರ್ಣಿ. ಅಂದ್ರ ಹಲಗಿಗೂ ಒಂದು ಆಡಳಿತ ಮಂಡಳಿ ಇತ್ತು. ಅದರಾಗ ಹಲಗಿ ಬಾರಿಸೋನಿಗೆ ಜಾಗ ಇರಲಿಲ್ಲ ಅಷ್ಟೇ. ಹಲಗಿ ಒಲ್ಲೆ ಅಂದ ಊರೊಳಗ ಬಹಿಷ್ಕಾರ ಬಿದ್ದ ಸುದ್ದಿ ನೀವೂ ಕೇಳೀರಿ.

ಈಗ ಬೋರ್ಡ್ ಹಾಕಿಕೊಂಡ ಶಾಲೆಗಳಿಗೆ ಬರೋಣು.

1901ರ ಮೇ 5ರಂದು ಲಾಹೋರಿನಲ್ಲಿ ವಿಷ್ಣು ದಿಗಂಬರ ಪಲುಸ್ಕರ್ ಗಾಂಧರ್ವ ಮಹಾವಿದ್ಯಾಲಯ ಆರಂಭಿಸಿದರು. ರಾಜನ ಆಸ್ಥಾನ ನಂಬದೆ ಜನರ ದೇಣಿಗೆ, ಕಚೇರಿಯ ಗಳಿಕೆಯಿಂದ ನಡೆಯುವ ಸಂಗೀತ ಶಾಲೆ. ಹೊರಗಿನ ಹೆಣ್ಣುಮಕ್ಕಳಿಗೂ ಕಲಿಸಿದರು, ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಆದರೆ ಸಂಸ್ಥೆ ಪೂರಾ ಒಬ್ಬರ ಹೆಗಲ ಮೇಲೆ ನಿಂತಿತ್ತು. ಮುಂಬೈಯಲ್ಲಿ ದೊಡ್ಡ ಕಟ್ಟಡ ಕಟ್ಟಿದರು, ಸಾಲ ಮೈಮೇಲೆ ಬಂತು, 1920ರ ದಶಕದಲ್ಲಿ ಕಟ್ಟಡ ಸಾಲಗಾರರ ಪಾಲಾಯಿತು. 1931ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯರು ಸೇರಿ ಒಂದು ಮಂಡಳ ಮಾಡಿಕೊಂಡರು. ಅದೇ ಇವತ್ತಿನ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳ. ನಮ್ಮ ಭಾಗದಲ್ಲೂ ಹುಡುಗರು ಕಟ್ಟೋ ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ ಪರೀಕ್ಷೆ ಅದರವು. ಒಬ್ಬರ ಕೈಯಾಗಿನ ಸಂಸ್ಥೆ ಮುಳುಗಿತು, ಮಂಡಳದ ಕೈಗೆ ಬಂದ ಮ್ಯಾಲ ಉಳೀತು. ಅದಕ್ಕೇ ನಾ ಮಂಡಳಿ ಬಿಟ್ಟು ಕೊಡಬಾರದು ಅನ್ನೋದು. ಸಿಲೆಬಸ್ ಬರೆಯೋರು, ಪರೀಕ್ಷೆ ಮಾಡೋರು, ಯಾವುದು ಶಾಸ್ತ್ರೀಯ, ಯಾವುದು ‘ಜಾನಪದ’ ಅಂತ ಗೆರಿ ಎಳೆಯೋರು ಅಲ್ಲಿ ಕುಂತಿರ್ತಾರ.

ಅದೇ ಕಾಲದ ಇನ್ನೊಬ್ಬರು ವಿಷ್ಣು ನಾರಾಯಣ ಭಾತಖಂಡೆ. ವಕೀಲರು. ದೇಶ ತಿರುಗಿ ಉಸ್ತಾದರ ಮನೆ ಬಾಗಿಲಿಗೆ ಹೋಗಿ, ಅವರ ಬಾಯಲ್ಲಿದ್ದ ನೂರಾರು ಬಂದಿಶ್‌ಗಳನ್ನು ಬರೆದುಕೊಂಡು ಅಚ್ಚು ಹಾಕಿಸಿದರು. ಆ ಶ್ರಮ ಅಲ್ಲಗಳೆಯಂಗಿಲ್ಲ. 1916ರಲ್ಲಿ ಬರೋಡಾದಲ್ಲಿ ಅಖಿಲ ಭಾರತ ಸಂಗೀತ ಸಮ್ಮೇಳನ ಆಯಿತು. 1926ರಲ್ಲಿ ಲಖನೌದಲ್ಲಿ ಕಾಲೇಜು ತೆರೆಯಿತು. ಅದಕ್ಕೆ ಇಟ್ಟ ಹೆಸರು ಪ್ರಾಂತ್ಯದ ಗವರ್ನರ್ ವಿಲಿಯಂ ಮಾರಿಸ್ ಅವರದು. ಹಿಂದೆ ನಿಂತವರು ಶಿಕ್ಷಣ ಮಂತ್ರಿ ರಾಯ್ ರಾಜೇಶ್ವರ ಬಲಿ ಮತ್ತು ಅವರ ಮನೆತನದ ಜಮೀನ್ದಾರರು. ಲಖನೌ ತಬಲಾ ಘರಾಣೆಯ ಖಲೀಫಾ ಆಬಿದ್ ಹುಸೇನ್ ಖಾನ್ ಅಲ್ಲಿ ಮಾಸ್ತರರಾದರು. ಇಲ್ಲಿ ನಿಂತು ನೋಡ್ರಿ: ತಲೆಮಾರುಗಟ್ಟಲೆ ತಬಲಾ ಬೆಳೆಸಿದ ಮನೆತನದ ಖಲೀಫಾ ತನ್ನ ಊರಾಗೇ ಪಗಾರದ ನೌಕರ. ಕಾಲೇಜಿನ ಹೆಸರು ಮಾತ್ರ ಇಂಗ್ಲಿಷ್ ಗವರ್ನರದು. ವಿದ್ಯೆ ಒಬ್ಬರದು, ಸಂಸ್ಥೆ ಇನ್ನೊಬ್ಬರದು ಅನ್ನೋ ಒಪ್ಪಂದ ಹಿಂಗ ಕಾಗದದ ಮ್ಯಾಲ ಬಂತು.

ದಕ್ಷಿಣದಾಗೂ ಅದೇ ಕಥಿ. ಮದರಾಸಿನ ಮ್ಯೂಸಿಕ್ ಅಕಾಡೆಮಿ 1928ರಲ್ಲಿ ಶುರುವಾಯಿತು. ಮೊದಲ ಅಧ್ಯಕ್ಷರು ಯು. ರಾಮರಾವ್, ಡಾಕ್ಟರು. ಕಾರ್ಯದರ್ಶಿಗಳಲ್ಲಿ ಒಬ್ಬರು ಇ. ಕೃಷ್ಣ ಅಯ್ಯರ್, ವಕೀಲರು. ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಮೊದಲ ಬಾರಿ ಒಬ್ಬ ಹೆಣ್ಣುಮಗಳಿಗೆ ಸಿಕ್ಕಿದ್ದು 1968ರಲ್ಲಿ, ಎಂ.ಎಸ್. ಸುಬ್ಬುಲಕ್ಷ್ಮಿ ಅವರಿಗೆ. ನಲವತ್ತು ವರ್ಷ. ಆ ನಲವತ್ತು ವರ್ಷ ಮದರಾಸಿನಾಗ ಹೆಣ್ಣುಮಕ್ಕಳು ಹಾಡಿರಲಿಲ್ಲೇನು?

ಇದಕ್ಕಿಂತ ದೊಡ್ಡ ಪಾಠ ನಮ್ಮ ಕರ್ನಾಟಕದ ಹೆಣ್ಣುಮಗಳೊಬ್ಬಳು ಕಲಿಸ್ಯಾಳ. ಬೆಂಗಳೂರು ನಾಗರತ್ನಮ್ಮ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ದೇವದಾಸಿ ಮನೆತನದ ಗಾಯಕಿ. ಕವಯಿತ್ರಿ ಮುದ್ದುಪಳನಿ ಬರೆದ ರಾಧಿಕಾ ಸಾಂತ್ವನಮು ಕಾವ್ಯವನ್ನು 1910ರಲ್ಲಿ ಪೂರ್ತಿ ಅಚ್ಚು ಹಾಕಿಸಿ ಸರ್ಕಾರದ ನಿಷೇಧ ಎದುರಿಸಿದ ಗಟ್ಟಿ ಹೆಣ್ಣುಮಗಳು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳು ಬಿದ್ದಿತ್ತು. ನಾಗರತ್ನಮ್ಮ ಹಾಡಿ ದುಡಿದ ಸ್ವಂತ ಹಣ ಹಾಕಿ ಅಲ್ಲಿ ಗುಡಿ ಕಟ್ಟಿಸಿದರು. 1925ರ ಜನವರಿ 7ರಂದು ಅದರ ಪ್ರತಿಷ್ಠೆ ಆಯಿತು.

ಆಗ ಅಲ್ಲಿ ಆರಾಧನೆ ನಡೆಸೋ ಎರಡು ಗುಂಪು ಇದ್ದವು, ದೊಡ್ಡ ಪಕ್ಷ ಮತ್ತು ಸಣ್ಣ ಪಕ್ಷ. ಎರಡಕ್ಕೂ ಒಂದಕ್ಕೊಂದು ಆಗಿಬರ್ತಿರಲಿಲ್ಲ. ಆದ್ರ ಒಂದು ವಿಷಯದಾಗ ಇಬ್ಬರದೂ ಒಂದೇ ಠರಾವು: ಹೆಣ್ಣುಮಕ್ಕಳು ಇಲ್ಲಿ ಹಾಡಬಾರದು. ಗುಡಿ ಕಟ್ಟಿಸಿದಾಕಿ ದುಡ್ಡು ನಡೀತದ, ಆಕಿ ದನಿ ನಡಿಯಂಗಿಲ್ಲ.

ನಾಗರತ್ನಮ್ಮ ಏನು ಮಾಡಿದರು? ಕೈ ಮುಗಿದು ಒಂದು ಸೀಟು ಬೇಡಲಿಲ್ಲ. 1927ರಲ್ಲಿ ತಾವೇ ಮೂರನೇ ಗುಂಪು ಕಟ್ಟಿದರು, ಹೆಂಗಸರ ಪಕ್ಷ. ಸಮಾಧಿಯ ಹಿಂಭಾಗದಲ್ಲಿ ಹೆಣ್ಣುಮಕ್ಕಳ ಕಚೇರಿ ನಡೆಸಿದರು. 1940ರ ಹೊತ್ತಿಗೆ ಮಾತುಕತೆ ಆಗಿ, 1941ರಿಂದ ಎಲ್ಲಾ ಗುಂಪು ಒಂದಾದವು. ಹೆಣ್ಣುಮಕ್ಕಳಿಗೂ ಅದೇ ವೇದಿಕೆ ಸಿಕ್ಕಿತು. ಇಲ್ಲಿಗೆ ಸಾಕು ಅನಲಿಲ್ಲ ಆ ತಾಯಿ. 1949ರಲ್ಲಿ ಉಯಿಲು ಬರೆದು ಆಸ್ತಿಯನ್ನು ಟ್ರಸ್ಟಿಗೆ ಬಿಟ್ಟರು. ಹೆಣ್ಣುಮಕ್ಕಳು, ದೇವದಾಸಿ ಮನೆತನದವರೂ ಸೇರಿ, ಅಲ್ಲಿ ಹಾಡೋ ಹಕ್ಕು ಕಳಕೋಬಾರದು ಅನ್ನೋ ಷರತ್ತು ಅದರಲ್ಲಿ ಹಾಕಿದರು. 1952ರಲ್ಲಿ ತೀರಿಕೊಂಡರು.

ತಿರುವೈಯಾರು ಶಾಲೆ ಅಲ್ಲ, ಉತ್ಸವ ಅಂತ ಯಾರಾದ್ರೂ ಅನ್ನಬಹುದು. ಇರಲಿ. ಭಕ್ತಿ, ತ್ಯಾಗ, ಕಲೆ ಅಂತ ಭಾಷಣ ಎಷ್ಟಾದ್ರೂ ಮಾಡ್ರಿ, ಕೊನಿಗೆ ಉಳಿಯೋದು ಕಾಗದದಾಗ ಬರೆದ ಷರತ್ತು. ಇದನ್ನ ಗುಮಾಸ್ತಿಕಿ ಮಾಡಿದ ನನಗಿಂತ ಚೆಂದ ಅರ್ಥ ಮಾಡಿಕೊಂಡಾಕಿ ನಾಗರತ್ನಮ್ಮ.

ನಮ್ಮ ಧಾರವಾಡದ ಗಂಗೂಬಾಯಿ ಹಾನಗಲ್ಲರ ಬಾಳೂ ಇದೇ ದಾರಿಯದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಮುಂದೆ ಸ್ವಾಗತ ಗೀತೆ ಹಾಡಿದಾಗ ಅವರಿಗೆ ಹನ್ನೊಂದು ವರ್ಷ. ಊಟ ಆದ ಮೇಲೆ ಎಲೆ ತೆಗೆಯೋಕೆ ತಮಗೇ ಹೇಳ್ತಾರೇನೋ ಅನ್ನೋ ಹೆದರಿಕೆ ಆವತ್ತು ಮನಸ್ಸಿನಾಗ ಇತ್ತು ಅಂತ ಅವರೇ ದೊಡ್ಡವರಾದ ಮೇಲೆ ನೆನಪು ಮಾಡಿಕೊಂಡಾರ. ಅಧಿವೇಶನದ ವೇದಿಕೆ ಮ್ಯಾಲ ಹಾಡೋ ಹುಡುಗಿಗೆ ಪಂಗ್ತಿಯ ಚಿಂತೆ! ಈಗ ಮೈಸೂರಿನಲ್ಲಿ ರಾಜ್ಯದ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರದ. ಭಾಳ ಸಂತೋಷ. ಹೆಸರು ಬಾಗಿಲ ಮ್ಯಾಲ ಬಂದಷ್ಟು ಸುಲಭಕ್ಕ ಜನ ಒಳಗಿನ ಮೇಜಿಗೆ ಬರಂಗಿಲ್ಲ, ಅಷ್ಟೇ ನಾ ಹೇಳೋದು.

ಗದಗಿನ ವೀರೇಶ್ವರ ಪುಣ್ಯಾಶ್ರಮ ಬಿಟ್ಟು ಈ ಚರಿತ್ರೆ ಹೇಳಿದ್ರ ಅನ್ಯಾಯ ಆಗ್ತದ. ಹಾನಗಲ್ಲ ಕುಮಾರ ಸ್ವಾಮಿಗಳ ಆಸರೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದವರು. ಮೊದಲು ಊರೂರು ತಿರುಗುವ ಶಾಲೆ, ಆಮೇಲೆ ಗದಗಿನಲ್ಲಿ ನೆಲೆ. 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು, ಅವರೂ ಕಣ್ಣಿಲ್ಲದವರು, 2010ರವರೆಗೆ ಅದನ್ನು ನಡೆಸಿದರು. ಅನ್ನ, ವಸತಿ, ವಿದ್ಯೆ ಎಲ್ಲಾ ಪುಕ್ಕಟೆ. ಜೋಳಿಗೆ ಹಿಡಿದು, ನಾಟಕ ಕಂಪನಿ ನಡೆಸಿ ಹಣ ಹೊಂದಿಸಿದರು. ಬಸವರಾಜ ರಾಜಗುರು, ಸಿದ್ದರಾಮ ಜಂಬಲದಿನ್ನಿ, ವೆಂಕಟೇಶಕುಮಾರ್ ಎಲ್ಲಾ ಅಲ್ಲಿ ಕಲಿತವರು. ಕಣ್ಣಿಲ್ಲದ ಬಡವರ ಮಕ್ಕಳನ್ನು ಯಾರೂ ಹತ್ತಿರ ಸೇರಿಸದ ಕಾಲಕ್ಕ ಅವರ ಕೈಗೆ ಹಾರ್ಮೋನಿಯಂ ಕೊಟ್ಟ ಜಾಗ ಅದು.

ಇಲ್ಲಿ ಒಂದು ಮಾತು ಗಮನಿಸ್ರಿ. ಪುಣ್ಯಾಶ್ರಮವನ್ನು ಕಣ್ಣಿದ್ದ ದಾನಿಗಳು ಅಧ್ಯಕ್ಷರಾಗಿ ಕುಂತು ನಡೆಸಲಿಲ್ಲ. ಕಣ್ಣಿಲ್ಲದವರ ಶಾಲೆಯನ್ನು ಕಣ್ಣಿಲ್ಲದ ಗುರುಗಳೇ ನಡೆಸಿದರು, ಅದೂ ಸುಮಾರು ನೂರು ವರ್ಷ. ಅದಕ್ಕೇ ಅಲ್ಲಿ ಹುಡುಗರಿಗೆ ಏನು ಬೇಕು ಅಂತ ಯಾರೂ ಹೊರಗಿನಿಂದ ಬಂದು ಹೇಳಬೇಕಾಗಲಿಲ್ಲ. ನನ್ನ ತಕರಾರು ಇರೋದು ಬ್ಯಾರೆ: ಅದು ವೀರಶೈವ ಮಠದ ಪರಂಪರೆ, ಅಲ್ಲಿ ಪೀಠ ಇರ್ತದ, ಚುನಾವಣೆ ಇರಂಗಿಲ್ಲ. ಅನ್ನದ ಸಾಲು ಎಲ್ಲರದು, ಪೀಠದ ಸಾಲು ಎಲ್ಲರದಲ್ಲ. ದರ್ಗಾಗಳಲ್ಲೂ ಸಜ್ಜಾದಾ ನಶೀನ್ ವಂಶದಿಂದ ಬರ್ತಾರ. ಎರಡಕ್ಕೂ ಗೌರವ ಕೊಟ್ಟೇ ಈ ಮಾತು ಹೇಳ್ತೀನಿ. ನಾವು ಸಂವಿಧಾನದ ಮಕ್ಕಳು, ನಮಗ ಆ ದಾರಿ ಹೊಂದಂಗಿಲ್ಲ.

ಈಗ ಸ್ವಲ್ಪ ಹೊತ್ತು ಸಂಗೀತ ಬಿಟ್ಟು ಬಾಬಾಸಾಹೇಬರ ಕಡೆ ಬರ್ರಿ. ಸೇವಾ ಸಂಸ್ಥೆಯ ಮಂಡಳಿಯಲ್ಲಿ ಯಾರು ಕೂಡಬೇಕು ಅನ್ನೋ ಜಗಳ ನಮ್ಮ ಚಳವಳಿಯೊಳಗ ದೊಡ್ಡದಾಗಿ ಎದ್ದಿದ್ದು 1932ರಲ್ಲಿ. ಪೂನಾ ಒಪ್ಪಂದದ ಬೆನ್ನಿಗೇ ಸೆಪ್ಟೆಂಬರ್ 30ರಂದು ಒಂದು ಸಂಸ್ಥೆ ಹುಟ್ಟಿತು, ಮುಂದೆ ಅದರ ಹೆಸರು ಹರಿಜನ ಸೇವಕ ಸಂಘ ಆಯಿತು. ಅಧ್ಯಕ್ಷರು ಘನಶ್ಯಾಮದಾಸ ಬಿರ್ಲಾ, ಕಾರ್ಯದರ್ಶಿ ಎ.ವಿ. ಠಕ್ಕರ್. ದುಂಡು ಮೇಜಿನ ಪರಿಷತ್ತಿಗೆ ಹೊರಟಿದ್ದ ಬಾಬಾಸಾಹೇಬರು ಹಡಗಿನಿಂದಲೇ ನವೆಂಬರ್ 14ರಂದು ಠಕ್ಕರರಿಗೆ ಉದ್ದ ಪತ್ರ ಬರೆದರು. ಬಾವಿ, ಶಾಲೆ, ನೌಕರಿ, ಸಮಾನ ಹಕ್ಕಿಗಾಗಿ ಹೋರಾಡೋದು ಈ ಸಂಘದ ಕೆಲಸ ಆಗಬೇಕು, ದುಡಿಯೋ ಕಾರ್ಯಕರ್ತರನ್ನ ನಮ್ಮವರೊಳಗಿಂದಲೂ ತಗೋಬೇಕು ಅಂತ. ಆ ಪತ್ರಕ್ಕೆ ಉತ್ತರಾನೇ ಬರಲಿಲ್ಲ. ಪತ್ರ ಮುಟ್ಟಿತು ಅನ್ನೋ ಒಂದು ಸಾಲೂ ಇಲ್ಲ. ಟಪಾಲು ವಿಭಾಗದಾಗ ದುಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ನಮ್ಮವರು ಗಾಂಧೀಜಿ ಹತ್ರ ಹೋಗಿ, ಸಂಘದ ಮಂಡಳಿಗಳೊಳಗ ನಮಗೂ ಜಾಗ ಕೊಡ್ರಿ ಅಂತ ಕೇಳಿದರು. ಗಾಂಧೀಜಿ ವಾದ ಹಿಂಗಿತ್ತು: ಇದು ಸವರ್ಣರು ಮಾಡಿಕೊಳ್ಳುತ್ತಿರುವ ಪ್ರಾಯಶ್ಚಿತ್ತ. ಅವರು ಸಾಲಗಾರರು, ನೀವು ಸಾಲ ಕೊಟ್ಟವರು. ಸಾಲ ತೀರಿಸೋ ಮಂಡಳಿಯಲ್ಲಿ ಸಾಲಗಾರರೇ ಇರಬೇಕು, ನೀವು ಬೇಕಾದರೆ ಸಲಹೆ ಕೊಡಿ. ಕೇಳಾಕ ಎಷ್ಟು ವಿನಯ ಅದ ನೋಡ್ರಿ! ನಾ ನಿಮಗ ಒಂದೇ ಕೇಳ್ತೀನಿ. ಸಾಲ ತಗೊಂಡವನೇ ಲೆಕ್ಕದ ಪುಸ್ತಕ ಇಟ್ಟುಕೊಂಡು, ಈ ವರ್ಷ ಎಷ್ಟು ತೀರಿಸಬೇಕು ಅಂತ ತಾನೇ ಠರಾವು ಮಾಡಿಕೊಂಡ್ರ, ಯಾವ ಬ್ಯಾಂಕ್ ಉಳೀತದ? 1945ರಲ್ಲಿ ಬಾಬಾಸಾಹೇಬರು ಕಾಂಗ್ರೆಸ್ ಮತ್ತು ಗಾಂಧಿ ಬಗ್ಗೆ ಬರೆದ ಪುಸ್ತಕದೊಳಗ ಈ ಪ್ರಸಂಗ ಪೂರ್ತಿ ಬಿಡಿಸಿಟ್ಟಾರ. ಅದೇ ವರ್ಷ ಜುಲೈ 8ಕ್ಕೆ ಅವರು ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿದರು. ಆ ಸೊಸೈಟಿ 1950ರಲ್ಲಿ ಔರಂಗಾಬಾದಿನಲ್ಲಿ ಕಾಲೇಜು ತೆರೆಯಿತು. ಔರಂಗಾಬಾದ್ ಆಗ ನಮ್ಮ ಕಲಬುರಗಿಯಂತೆಯೇ ಹೈದರಾಬಾದ್ ರಾಜ್ಯದೊಳಗಿತ್ತು.

ಇದೆಲ್ಲಾ ಹಳೇದು, ಈಗ ಹಂಗಿಲ್ಲ ಅನ್ನೋರಿಗೆ 2020ರ ಒಂದು ಸಂಗತಿ. ಟಿ.ಎಂ. ಕೃಷ್ಣ ಮೃದಂಗ ತಯಾರಿಸೋರ ಬಗ್ಗೆ ಪುಸ್ತಕ ಬರೆದರು, ‘ಸೆಬಾಸ್ಟಿಯನ್ ಅಂಡ್ ಸನ್ಸ್’. ಹಸುವಿನ ಚರ್ಮ ಹದ ಮಾಡಿ ಮೃದಂಗಕ್ಕೆ ನಾದ ಕೂಡಿಸೋರೊಳಗ ದಲಿತ ಕ್ರೈಸ್ತ ಮನೆತನಗಳು ಭಾಳ. ಚೆನ್ನೈನ ಕಲಾಕ್ಷೇತ್ರ ಪುಸ್ತಕ ಬಿಡುಗಡೆಗೆ ಮೊದಲು ಸಭಾಂಗಣ ಕೊಟ್ಟು, ಆಮೇಲೆ ಅನುಮತಿ ವಾಪಸ್ ತಗೊಂಡಿತು. ಸಮಾರಂಭ ಬ್ಯಾರೆ ಕಡೆ ಆಯಿತು. ಆ ಚರ್ಮದ ನಾದ ದಿನಾ ಕ್ಲಾಸಿನಾಗ ಬೇಕು, ಹದ ಮಾಡಿದವನ ಹೆಸರು ಮಾತ್ರ ಸಭಾಂಗಣದಾಗ ಬ್ಯಾಡ. ಇಂಥ ಅನುಮತಿ ಕೊಡೋದು, ರದ್ದು ಮಾಡೋದು ಹಾಡೋರ ಕೈಯಾಗಿರಂಗಿಲ್ಲ, ಆಡಳಿತದ ಕೈಯಾಗಿರ್ತದ.

ನಮ್ಮದೂ ಹೇಳಲೇಬೇಕು. ದಲಿತ ಸಂಘರ್ಷ ಸಮಿತಿಯ ಹಾಡುಗಳು ಎಪ್ಪತ್ತು, ಎಂಬತ್ತರ ದಶಕದಾಗ ಕರ್ನಾಟಕದ ಅತಿ ದೊಡ್ಡ ಸಂಗೀತ ಶಾಲೆ. ಹಲಗಿ ಹೋಗಿ ತಮಟೆ ಜಾಥಾ ಆಯಿತು, ಚಾಕರಿ ಹೋಗಿ ಕಹಳೆ ಆಯಿತು. ಆದ್ರ ಸಮಿತಿ ಕುರ್ಚಿ ಸಲುವಾಗಿ ಎಷ್ಟು ಬಣ ಆದವು, ಅವುಗಳ ಪದಾಧಿಕಾರಿ ಪಟ್ಟಿಯಾಗ ಹೆಣ್ಣುಮಕ್ಕಳು ಎಷ್ಟು ಮಂದಿ ಇದ್ದರು? ಬ್ಯಾರೆಯವರ ಗೋಡೆ ಫೋಟೋ ಎಣಿಸೋ ನಾವು ನಮ್ಮ ಬ್ಯಾನರ್ ಫೋಟೋನೂ ಎಣಿಸಬೇಕು.

ಈಗ ಕಾನೂನು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960. ಏಳು ಮಂದಿ ಸೇರಿದ್ರ ಒಂದು ಸಂಘ. ಬೈಲಾ ಬರೀಬೇಕು, ಪ್ರತಿ ವರ್ಷ ಸರ್ವಸದಸ್ಯರ ಸಭೆ ಮಾಡಿ ಆಡಳಿತ ಮಂಡಳಿ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ಈ ಫೈಲು ಹೋಗೋದು ಸಹಕಾರ ಇಲಾಖೆಗೆ. ಅದೇ ಇಲಾಖೆಗೆ ಹಾಲಿನ ಸೊಸೈಟಿ, ಪತ್ತಿನ ಸೊಸೈಟಿ ಫೈಲೂ ಹೋಗ್ತಾವ. ಹಾಲಿನ ಸೊಸೈಟಿ ಆಡಳಿತ ಮಂಡಳಿಯೊಳಗ ಪರಿಶಿಷ್ಟರಿಗೆ, ಹೆಣ್ಣುಮಕ್ಕಳಿಗೆ ಮೀಸಲು ಸೀಟು ಅದ. ಗ್ರಾಮ ಪಂಚಾಯ್ತಿಯೊಳಗ ಅದ. 1960ರ ಕಾಯ್ದೆಯಡಿ ನೋಂದಣಿ ಆಗೋ ಸಂಗೀತ ಸಂಸ್ಥೆಗೆ ಅಂಥ ಯಾವ ಕಡ್ಡಾಯನೂ ಇಲ್ಲ. ಸರ್ಕಾರದ ಅನುದಾನ ತಗೊಂಡ್ರೂ ಆ ಕಾಯ್ದೆ ಮಂಡಳಿಯಾಗ ಯಾರು ಅದಾರ ಅಂತ ಕೇಳಂಗಿಲ್ಲ. ಹಾಲು ಅಳಿಯೋದಕ್ಕ ಸಾಮಾಜಿಕ ನ್ಯಾಯ ಬೇಕು, ಸ್ವರ ಅಳಿಯೋದಕ್ಕ ಬ್ಯಾಡ ಅಂದಂಗಾಯ್ತು. ಕಾಯ್ದೆ ಬದಲಾಗೋತನ ನಾವು ಕಾಯಬೇಕಾಗಿಲ್ಲ. ಕಾಯ್ದೆ ಹೇಳದಿದ್ದನ್ನ ಬೈಲಾದಾಗ ಬರ್ಕೊಳ್ಳಾಕ ಯಾರೂ ಅಡ್ಡ ಬರಂಗಿಲ್ಲ.

ಇಷ್ಟೆಲ್ಲಾ ಯಾಕ ಬರದೆ ಅಂದ್ರ, ರೋಜಾದ ಕೆಲವು ಹುಡುಗರು, ಕಮಲಾಪುರದ ಭಜನಿ ಮಂದಿ ಸೇರಿ ಒಂದು ಸಂಗೀತ ಕಲಿಕಾ ಕೇಂದ್ರ ನೋಂದಣಿ ಮಾಡಸಾಕ ಹೊಂಟೀವಿ. ಹಲಗಿ, ತಬಲಾ, ಹಾರ್ಮೋನಿಯಂ, ತತ್ವಪದ, ಖವಾಲಿ, ಹೋರಾಟದ ಹಾಡು. ಬೈಲಾ ಕರಡು ಬರೆಯೋ ಕೆಲಸ ನನ್ನ ಪಾಲಿಗೆ ಬಂದದ. ಮೊದಲ ಸಭೆಯಾಗೇ ಇಬ್ಬರು ಅಂದರು, “ಅಣ್ಣಾ, ದೊಡ್ಡ ಮಂದಿ ಒಬ್ಬರನ್ನ ಅಧ್ಯಕ್ಷರು ಮಾಡೋಣು, ರೊಕ್ಕಾ ಬರ್ತದ.” ಅವರ ಮಾತಿನಾಗ ಸುಳ್ಳಿಲ್ಲ. ಬಾಡಿಗಿ ಕಟ್ಟಬೇಕು, ಎರಡು ಜೋಡಿ ತಬಲಾ ತರಬೇಕು.

ನಾ ಕರಡಿನಾಗ ಹಿಂಗ ಬರದೀನಿ. ಮಂಡಳಿ ಹನ್ನೊಂದು ಮಂದಿದು. ಆರು ಸೀಟು ಬಾರಿಸೋ, ಹಾಡೋ ಮನೆತನದವರಿಗೆ. ಒಟ್ಟಿನಾಗ ಐದು ಮಂದಿಗಿಂತ ಕಡಿಮಿ ಹೆಣ್ಣುಮಕ್ಕಳು ಇರಬಾರದು. ಕಲಿಸೋರು ಒಬ್ಬರನ್ನ, ಕಲಿಯೋ ಮಕ್ಕಳ ತಾಯಿತಂದಿ ಒಬ್ಬರನ್ನ ಆರಿಸಿ ಕಳಸಬೇಕು. ಒಂದೇ ಮನಿಯವರು ಇಬ್ಬರು ಇರಬಾರದು. ಅಧ್ಯಕ್ಷಗಿರಿ ಎರಡು ಅವಧಿಗೆ ಮುಗೀಬೇಕು. ಠರಾವು ಪುಸ್ತಕ ಪ್ರತಿ ಸಭೆಯಾಗ ಗಟ್ಟಿಯಾಗಿ ಓದಿ ಹೇಳಬೇಕು, ಯಾಕಂದ್ರ ಓದಾಕ ಬರದವರೂ ಅದಕ್ಕ ಒಪ್ಪಿಗಿ ಕೊಡೋರು. ದಾನ ಕೊಡೋ ದೊಡ್ಡ ಮಂದಿಗೆ ಬ್ಯಾರೆ ಸಲಹಾ ಸಮಿತಿ. ಸಲಹೆ ಕೊಡಬಹುದು, ವೋಟು ಇಲ್ಲ. 1932ರಲ್ಲಿ ನಮಗ ತೋರಿಸಿದ್ದ ಜಾಗ ಅದೇ. ಅಲ್ಲಿ ಕುಂತು ಅವರೂ ಸ್ವಲ್ಪ ದಿನ ನೋಡ್ಲಿ.

ಒಂದು ಕಲಮು ಇನ್ನೂ ಬಗೆಹರಿದಿಲ್ಲ. ಬ್ಯಾಂಕ್ ಖಾತೆ ಇಬ್ಬರ ಜಂಟಿ ಸಹಿ ಮ್ಯಾಲ ನಡೀಬೇಕು. ಖಜಾಂಚಿ ಆಗಾಕ ಎಲ್ಲರೂ ಒಪ್ಪಿದ್ದು ಕಮಲಾಪುರದ ಕಡೆಯ ಹಲಗಿ ಮುತ್ಯಾನನ್ನ. ನಲವತ್ತು ವರ್ಷ ಭಜನಿ ಚೀಟಿ ರೊಕ್ಕಾ ಅವರ ಕೈಯಾಗ ಅದ, ಒಂದು ಪೈಸಾ ಹೆಚ್ಚುಕಡಿಮಿ ಆಗಿಲ್ಲ. ಆದ್ರ ಅವರಿಗೆ ಸಹಿ ಬರಂಗಿಲ್ಲ, ಹೆಬ್ಬಟ್ಟು. “ಹೆಬ್ಬಟ್ಟಿನ ಖಜಾಂಚಿ ಅಂದ್ರ ನಗ್ತಾರ, ಬ್ಯಾರೆಯವರನ್ನ ಹಾಕೋಣು” ಅಂತ ಒಬ್ಬರು ಅಂದಾರ. ನಾ ಒಪ್ಪಿಲ್ಲ. ಸಂಘದ ಖಾತೆಗೆ ಹೆಬ್ಬಟ್ಟು ಇಟ್ಟು ಚೆಕ್ ನಡೆಸೋ ಪದ್ಧತಿ ಹೆಂಗ, ಯಾವ ಕಾಗದ ಬೇಕು ಅಂತ ಬ್ಯಾಂಕಿನಾಗ ದುಡಿಯೋ ಗೆಳೆಯರು ಕೆ‍ಳಗ ಕಾಮೆಂಟಿನಾಗ ಬರೀರಿ. ಬರೋ ಐತಾರ ಕಮಲಾಪುರದಾಗ ಸಭೆ ಅದ, ಅಷ್ಟರೊಳಗ ಕರಡು ಮುಗಿಸಬೇಕು.

ಜೈ ಭೀಮ್.